ಅಕ್ಕನ ಕಾಲು, ನನ್ನ ಹೆಬ್ಬೆರಳು

ಮಾರ್ಚ್ 3, ಸೋಮವಾರ

ಬಸ್ ತಪ್ಪಿತು. ಅಕ್ಕನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು ಈಗ ಬೆಳಗಿನ ಕೆಲಸ. ಮೊದಲು ಸಂಜೆ ಕಟ್ಟುತ್ತಿದ್ದೆ. ಹೋದ ತಿಂಗಳಿಂದ ಲೈಟ್ ಹಾಕುವ ಮೊದಲೇ ನಿದ್ದೆಗೆ ಜಾರುತ್ತಾಳೆ. ಎಬ್ಬಿಸಿದರೆ ಕಣ್ಣು ಬಿಡುತ್ತಾಳೆ, ಏಳುವುದಿಲ್ಲ.

ಕಂದು ಮುಲಾಮು ಧಾರಾಳವಾಗಿ ಬಳಿದೆ. ಎರಡೂ ಕಾಲಿಗೆ, ಮೊಣಕಾಲಿನಿಂದ ಪಾದದವರೆಗೆ. ಬರಿಗೈಯಲ್ಲೇ. ಗ್ಲೌಸ್ ತಣ್ಣಗಂತೆ ಅವಳಿಗೆ. ಅವಳಿಗೆ ಎಲ್ಲವೂ ತಣ್ಣಗೆ — ನೀರು, ಕುರ್ಚಿ, ನನ್ನ ಕೈ. ಈ ಸೆಕೆಯಲ್ಲೂ ಎರಡು ಸ್ವೆಟರ್. ಹುಣ್ಣು ಮಾತ್ರ ಒಣಗುತ್ತಿದೆ. ಯಾವ ಡಾಕ್ಟರಿಗೂ ಬಗ್ಗದ ಹುಣ್ಣು ನನಗೆ ಬಗ್ಗಿದೆ. ಕೈಗುಣ ಅಂದರೆ ಇದು!

ತಿಂಡಿ ಕೊಟ್ಟೆ. ತಟ್ಟೆ ನೋಡುತ್ತಾ ಕೂತಳು. ತುಂಬಾ ಹೊತ್ತಾದ ಮೇಲೆ, ಗೊಗ್ಗರು ದನಿಯಲ್ಲಿ, "ಸಪ್ಪೆ" ಅಂದಳು. ಸಪ್ಪೆಯೇ ಹೌದು. ಮುಖ, ಕಣ್ಣಿನ ಸುತ್ತ, ಪಾದ, ಎಲ್ಲ ಊದಿಕೊಂಡಿದೆ. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದರು. ನಾನು ಪೂರ್ತಿ ನಿಲ್ಲಿಸಿದೆ. ಮಾಡಿದರೆ ನೆಟ್ಟಗೆ ಮಾಡಬೇಕು. ಹಾಲು, ಮೊಟ್ಟೆಯನ್ನೂ ಬಿಡಿಸಿದ್ದೇನೆ, ಹುಣ್ಣಿಗೆ ನಂಜು ಅಂತ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಊರಿನ ಮಾತು ಕೇಳಿ, ಅದನ್ನು ಇಡೀ ಊರಿಗಿಂತ ಚೆನ್ನಾಗಿ ನೆನಪಿಟ್ಟವಳು ಇವಳು. ರಿಟೈರ್ ಆದಮೇಲೂ ದನಿ ಕೇಳಿಯೇ "ನೀವು ಹಳೇ ಸಬ್‌ರಿಜಿಸ್ಟ್ರಾರ್ ಮಗಳಲ್ವಾ" ಅನ್ನುತ್ತಿದ್ದಳು. ಈಗ ನನ್ನ ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ನಾನು ಪಾತ್ರೆ ತೊಳೆದು ಮುಗಿಸಿರುತ್ತೇನೆ. ಡಾಕ್ಟರ್ ಪ್ರಕಾರ ಮರೆವಿನ ಕಾಯಿಲೆ. ವಯಸ್ಸು ಅರವತ್ತನಾಲ್ಕು. ಅದೂ ಒಂದು ವಯಸ್ಸಾ?

ಮಾರ್ಚ್ 5, ಬುಧವಾರ

ಲ್ಯಾಬಿನಲ್ಲಿ ಮತ್ತೆ ಅದೇ ಹಾಡು. ನನ್ನ ಟ್ಯೂಬುಗಳಲ್ಲಿ ಹಳದಿ ಬರಲಿಲ್ಲ.

ಕೆಲಸ ಏನೂ ಬ್ರಹ್ಮವಿದ್ಯೆಯಲ್ಲ. ಕಸಾಯಿಖಾನೆಯಿಂದ ಹಂದಿಯ ಥೈರಾಯಿಡ್ ಗ್ರಂಥಿ ಬರುತ್ತದೆ, ಅದರಿಂದ ಕಿಣ್ವ ತೆಗೆಯುತ್ತೇವೆ. ಕತ್ತಿನಲ್ಲಿ ಈ ಕಿಣ್ವದ ಕೆಲಸ ಒಂದೇ — ರಕ್ತದಲ್ಲಿ ಬರುವ ಅಯೊಡೈಡನ್ನು ಹಿಡಿದು ಹಾರ್ಮೋನಿಗೆ ಪೋಣಿಸುವುದು. ಟ್ಯೂಬಿನಲ್ಲಿ ಕಿಣ್ವ, ಅಯೊಡೈಡ್, ಒಂದು ತೊಟ್ಟು ಪೆರಾಕ್ಸೈಡ್ ಹಾಕಿದರೆ ಹಳದಿ ಬಣ್ಣ ಏರುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ ಒಂದೊಂದನ್ನೇ ಸೇರಿಸಿ, ಯಾವುದು ಹಳದಿಯನ್ನು ತಡೆಯುತ್ತದೆ ಅಂತ ನೋಡುವುದು ನಮ್ಮ ಪ್ರಾಜೆಕ್ಟ್. ಆದರೆ ನನ್ನ ಕೈಯಲ್ಲಿ ಏನೂ ಸೇರಿಸದ ಟ್ಯೂಬಿಗೂ ಹಳದಿ ಇಲ್ಲ. ಬರೀ ನೀರು, ನನ್ನ ಮುಖ ನೋಡುತ್ತಾ ನಿಂತಿದೆ.

ಪಕ್ಕದ ಬೆಂಚಿನ ಉದ್ದಣ್ಣನ ಟ್ಯೂಬು ಚಿನ್ನದ ಹಾಗೆ. ಅದೇ ಕಿಣ್ವ, ಅದೇ ಬಾಟಲಿ. ಬಫರ್ ದ್ರಾವಣ ಸರಿಯಿಲ್ಲ ಅಂದೆ. "ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಅಂದ. ಅವನು ಟ್ಯೂಬು ತೊಳೆಯಲು ಕಲಿತದ್ದೇ ನನ್ನ ಹತ್ತಿರ. ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ಮನಾದೆ. ಇಲ್ಲ, ಸುಮ್ಮನಾಗಲಿಲ್ಲ. ಬೈದೆ.

ಮಾರ್ಚ್ 10, ಸೋಮವಾರ

ಸಣ್ಣ ಮೇಡಂ ಇವತ್ತು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಲ್ಯಾಬಿನ ಹೊಸ ಮುಖ್ಯಸ್ಥೆ. ನನ್ನ ಸರ್ವಿಸಿಗಿಂತ ಅವರ ವಯಸ್ಸು ಒಂದೆರಡು ವರ್ಷ ಜಾಸ್ತಿ, ಅಷ್ಟೇ. ನಾನು ಮಾಡಿದ್ದನ್ನೆಲ್ಲ ನೋಡಿದರು. ಕೊನೆಯಲ್ಲಿ ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ಎರಡು ಸಲ ತಲೆಕೆಳಗೆ ಮಾಡಿದೆ, ಯಾವಾಗಲೂ ಮಾಡುವ ಹಾಗೆ.

"ಕಲಕೋಕೆ ವೋರ್ಟೆಕ್ಸ್ ಮಷೀನ್ ಇದೆಯಲ್ಲ?"

"ಅದು ನೊರೆ ಎಬ್ಬಿಸತ್ತೆ ಮೇಡಂ. ಕಿಣ್ವಕ್ಕೆ ನೊರೆ ಆಗಲ್ಲ. ನಮ್ಮ ಗುರುಗಳು ಹೀಗೇ ಹೇಳ್ಕೊಟ್ಟಿದ್ದು."

"ಬರಿಗೈಯಲ್ಲಾ?"

"ಕೈ ತೊಳ್ಕೊಂಡೇ ಬಂದಿದ್ದೀನಿ."

ನನ್ನ ಮುಖ ನೋಡಿದರು. ಹಳದಿ ಬರಲಿಲ್ಲ. ಅವರ ನೋಟಕ್ಕಿಂತ ಉದ್ದಣ್ಣನ ಗಾದೆ ವಾಸಿ. ರಿಟೈರ್‌ಮೆಂಟಿಗೆ ಹತ್ತಿರ ಇರುವವರನ್ನು ನೋಡುವ ಆ ನೋಟ ಇದೆಯಲ್ಲ... ನಾನೂ ಅಕ್ಕನನ್ನು ಹಾಗೇ ನೋಡುತ್ತೇನಾ?

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ತಮ್ಮನ ಫೋನ್. ದೂರದ ಊರಿನಲ್ಲಿ ಕೂತು ಎಲ್ಲ ಫಿಕ್ಸ್ ಮಾಡಿದ್ದಾನೆ. ಏಪ್ರಿಲ್ ಒಂದಕ್ಕೆ ಕೇರ್ ಹೋಮಿನಲ್ಲಿ ಹಾಸಿಗೆ ಖಾಲಿಯಾಗುತ್ತದಂತೆ. ಮರೆವಿನವರಿಗೇ ಬೇರೆ ವಾರ್ಡು, ಹೊರಗಿನಿಂದ ಬೀಗ. ಸೋಮವಾರ ಅವರ ನರ್ಸ್ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತಾಳೆ.

ಮೊದಲು ಜಗಳ ಆಡಿದೆ. ಆಮೇಲೆ ಸುಸ್ತಾಯಿತು. ಒಲೆ ಮುಂದೆ ನಿಂತು ಅಂದೆ, "ಆಯ್ತು ಬಿಡೋ. ಅಕ್ಕ ಯಾವತ್ತೋ ಹೋದ್ಲು. ಇಲ್ಲಿರೋದು ಬರೀ ಒಂದು ಕಾಲು. ಅದಕ್ಕೆ ಪಟ್ಟಿ ಕಟ್ತಾ ಇದ್ದೀನಿ, ಅಷ್ಟೇ."

ಆ ಕಡೆ ಮೂಗು ಸೀಟಿದ ಸದ್ದು. ಅತ್ತನೋ ಏನೋ.

ಅಕ್ಕ ಬಾಗಿಲಾಚೆ ಕುರ್ಚಿಯಲ್ಲೇ ಇದ್ದಳು. ಇದ್ದರೇನು, ಗೋಡೆಗೂ ಅವಳಿಗೂ ಈಗ ವ್ಯತ್ಯಾಸವಿಲ್ಲ. ಸಂಜೆ ಹೊದಿಕೆ ಹೊದಿಸುವಾಗ ತುಟಿ ಅಲ್ಲಾಡಿಸಿದಳು. ಏನೋ ಬೇಕೇನೋ ಅಂತ ಸ್ವಲ್ಪ ಕಾದೆ. ಬರಲಿಲ್ಲ. "ಏನೂ ಬೇಡ, ಮಲಗು" ಅಂದೆ.

ಮಾರ್ಚ್ 17, ಸೋಮವಾರ

ಹಳದಿ ಬಂತು! ಬಂತು ಅಂದರೆ ಏನು ಬಂತು... ಇಡೀ ಸ್ಟ್ಯಾಂಡ್ ತುಂಬಾ. ಉದ್ದಣ್ಣನನ್ನು ಕರೆದು ತೋರಿಸಿದೆ. "ಅಜ್ಜಿ ಫಾರ್ಮಿಗೆ ಬಂದ್ರು" ಅಂದ. ಅಜ್ಜಿಯಂತೆ. ಅವನ ಟೀಯನ್ನೂ ನಾನೇ ಕುಡಿದೆ.

ಬೆಳಿಗ್ಗೆ ಕೇರ್ ಹೋಮಿನ ನರ್ಸ್ ಬಂದಿದ್ದಳು. ಒಳ್ಳೆಯ ಹುಡುಗಿ. ಅಕ್ಕನನ್ನು ಇವತ್ತು ಯಾವ ವಾರ ಅಂತ ಕೇಳಿ, ಉತ್ತರಕ್ಕೆ ಕಾಯದೆ ಬರೆದುಕೊಂಡಳು. ನೀವು ಹೊರಡಿ, ಪಟ್ಟಿ ನಾನೇ ಕಟ್ತೀನಿ ಅಂದಳು. ಕಟ್ಟಿದಳು, ಗ್ಲೌಸ್ ಹಾಕಿ, ಅಂಗಡಿಯ ಪೇಪರ್ ಟೇಪಿನಲ್ಲಿ. ಅಕ್ಕ ತಣ್ಣಗೆ ಅಂತ ಮುಖ ಹಿಂಡಿದಳು. ನನಗೆ ಬಸ್ ಸಿಕ್ಕಿತು.

ಮಾರ್ಚ್ 18, ಮಂಗಳವಾರ

ಮತ್ತೆ ಸತ್ತವು. ಎಲ್ಲ.

ಸಣ್ಣ ಮೇಡಂ ಕೋಪ ಮಾಡಿಕೊಳ್ಳಲಿಲ್ಲ, ಅದೇ ಕೆಟ್ಟದ್ದು. "ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ?" ಅಂದರು. ಏನೂ ಇಲ್ಲ ಅಂದೆ. ಆಗ ಒಂದು ಪುಟ್ಟ ಬೀಕರಿನಲ್ಲಿ ನೀರು ತಂದು ನನ್ನ ಮುಂದಿಟ್ಟರು. "ನಿಮ್ಮ ಹೆಬ್ಬೆರಳು ಇದರಲ್ಲಿ ಅದ್ದಿ. ಸ್ವಲ್ಪ ಹೊತ್ತು."

ನನ್ನ ಹೆಬ್ಬೆರಳು! ಕಳ್ಳಿಯ ಬೆರಳಚ್ಚು ತೆಗೆದ ಹಾಗೆ. ಉದ್ದಣ್ಣ ಕೂಡ ನಗಲಿಲ್ಲ. ಅದ್ದಿದೆ. ಆ ನೀರಿನ ಒಂದು ತೊಟ್ಟನ್ನು ಅವರು ಉದ್ದಣ್ಣನ ಒಳ್ಳೆಯ ಟ್ಯೂಬುಗಳಿಗೆ ಹಾಕಿದರು.

ಹಳದಿ ಬರಲಿಲ್ಲ. ಒಂದಕ್ಕೂ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವಂತೆ. ನನಗೆ ಬೇಕಾಯಿತು. ಹೆಬ್ಬೆರಳು ತಿರುಗಿಸಿ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಕಂದು ಗೆರೆ. ಸೋಪಿಗೆ ಹೋಗುವುದಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಮುಲಾಮು. ನಿನ್ನೆ ನಾನು ಹಚ್ಚಿರಲಿಲ್ಲ, ನರ್ಸ್ ಹಚ್ಚಿದ್ದಳು.

"ಇದೇನು?" ಅಂದರು ಮೇಡಂ.

"ನಮ್ಮಕ್ಕನ ಕಾಲಿನ ಔಷಧಿ."

ಹೇಳಿದೆ. ನನ್ನ ಬಾಯಿಂದಲೇ ಬಂತು, ನನ್ನ ಕಿವಿಗೇ ಬಿತ್ತು. ಅವಳ ಕತ್ತಿನಲ್ಲೂ ಇದೇ ಕಿಣ್ವ. ಟ್ಯೂಬಿನಲ್ಲಿ ಒಂದು ತೊಟ್ಟು. ಅವಳ ಕಾಲಿಗೆ ದಿನಾ ಅಂಗೈ ತುಂಬಾ, ತೆರೆದ ಹುಣ್ಣಿನ ಮೇಲೆ.

ಅದೇ ದಿನ, ಸಂಜೆ 5

ಮುಲಾಮಿನವರ ಅಂಗಡಿಗೆ ಹೋದೆ. ಮೂಲೆಯ ಫಾರ್ಮಸಿ, ಇವತ್ತಿಗೂ ಕೈಯಲ್ಲೇ ಅರೆದು ಕೊಡುವವರು. ಇದರಲ್ಲೇನಿದೆ ಅಂದೆ. ಮುಚ್ಚುಮರೆ ಮಾಡಲಿಲ್ಲ ಮನುಷ್ಯ.

"ರಿಸಾರ್ಸಿನಾಲ್. ಹಳೇ ಔಷಧಿ. ಸತ್ತ ಚರ್ಮ ತೆಗ್ದು ಹಾಕತ್ತೆ."

"ಎಷ್ಟು ದಿನ ಹಚ್ಬಹುದು?"

ಅವರು ಕನ್ನಡಕ ತೆಗೆದರು. "ಚರ್ಮದ ಡಾಕ್ಟ್ರು ಮೂರು ವಾರಕ್ಕೆ ಅಂತ ಬರೆದಿದ್ರು. ನೀವು ಬಂದು ಕೇಳ್ತಾ ಹೋದ್ರಿ. ನಾನು ಕೊಡ್ತಾ ಹೋದೆ."

ಒಂದು ವರ್ಷದ ಮೇಲಾಯಿತು. ಯಾರೂ ನಿಲ್ಲಿಸು ಅನ್ನಲಿಲ್ಲ, ನಾನು ಯಾರನ್ನೂ ಕೇಳಲಿಲ್ಲ. ವಾಸಿಯಾಗುತ್ತಿತ್ತಲ್ಲ! ವಾಸಿಯಾಗುವುದನ್ನು ನಿಲ್ಲಿಸಿ ಅಂತ ಯಾರಾದರೂ ಕೇಳುತ್ತಾರಾ?

ಮನೆಗೆ ಬಂದು ಅವಳ ಕಾಲು ತೊಳೆದೆ. ಬಿಸಿನೀರಲ್ಲಿ, ಎಚ್ಚರವಾಗಿ. ನಿದ್ದೆಯಲ್ಲೇ ಇದ್ದಳು. ತೊಳೆದರೆ ಹೋಗುವಂಥದ್ದಾ ಇದು?

ಮಾರ್ಚ್ 19, ಬುಧವಾರ

ಡಬ್ಬಿಯನ್ನೇ ಲ್ಯಾಬಿಗೆ ಒಯ್ದೆ. ಮೇಡಂ ಬೇರೆಲ್ಲ ಕೆಲಸ ಬದಿಗಿಟ್ಟರು.

ಮೊದಲು ಅವರ ಅನುಮಾನ. ಈ ವಸ್ತು ಕಿಣ್ವವನ್ನು ಕೊಲ್ಲದೆ ಬರೀ ಹಳದಿಯನ್ನು ತಿಂದುಹಾಕುತ್ತಿರಬಹುದು, ಅಂದರೆ ಕಿಣ್ವ ಒಳಗೆ ಚೆನ್ನಾಗೇ ಇರಬಹುದು. ಹಾಗಾಗಲಿ ಅಂತ ಎಷ್ಟು ಆಸೆಪಟ್ಟೆ! ಮುಲಾಮು ಸೋಕಿದ ಕಿಣ್ವವನ್ನು ಶೋಧಿಸಿ, ತೊಳೆದು, ಮುಲಾಮಿನ ಸುಳಿವೂ ಇಲ್ಲದ ಹಾಗೆ ಮಾಡಿ, ಹೊಸ ಅಯೊಡೈಡ್, ಹೊಸ ಪೆರಾಕ್ಸೈಡ್ ಹಾಕಿದೆವು.

ಏಳಲಿಲ್ಲ. ತೊಳೆದರೂ ಏಳಲಿಲ್ಲ.

"ಸೂಯಿಸೈಡ್ ಅಂತಾರೆ ಇದಕ್ಕೆ" ಅಂದರು ಮೇಡಂ. ಕಿಣ್ವ ತನ್ನ ಕೆಲಸದ ಭರದಲ್ಲಿ ಅದನ್ನೂ ಹಿಡಿಯುತ್ತದೆ, ಅಯೊಡೈಡ್ ಅಂದುಕೊಂಡ ಹಾಗೆ. ಹಿಡಿದದ್ದು ಅದಕ್ಕೇ ಅಂಟಿಕೊಂಡು ಬಾಯಿ ಮುಚ್ಚಿಹೋಗುತ್ತದೆ. ಅದರ ದುಡಿಮೆಯೇ ಅದಕ್ಕೆ ಮೃತ್ಯು.

ಆಮೇಲೆ ಇನ್ನೊಂದು ಸಾಲು ಟ್ಯೂಬು, ಮುಲಾಮು ಅಷ್ಟೇ, ಅಯೊಡೈಡ್ ಮಾತ್ರ ಹೆಚ್ಚು ಹೆಚ್ಚು. ಅಯೊಡೈಡ್ ಜಾಸ್ತಿ ಇದ್ದ ಕಡೆ ಕಿಣ್ವ ಅಷ್ಟಿಷ್ಟು ಉಳಿದಿತ್ತು. ತುದಿಯ ಟ್ಯೂಬಿನಲ್ಲಿ ಬಡಕಲು ಹಳದಿ, ಆದರೂ ಹಳದಿ. ಕುರ್ಚಿಯಲ್ಲಿ ಸರಿಯಾದ ನೆಂಟ ಕೂತಿದ್ದರೆ ಕಳ್ಳನಿಗೆ ಕೂರಲು ಜಾಗ ಕಡಿಮೆ, ಅಷ್ಟೇ ಲೆಕ್ಕ. ಅಯೊಡೈಡ್ ಕಡಿಮೆ ಇದ್ದ ಟ್ಯೂಬುಗಳು ಮೊದಲ ಏಟಿಗೇ ಮಲಗಿದ್ದವು.

"ಊಟದಲ್ಲಿ ಅಯೊಡೈಡ್ ಸಿಗ್ತಿದ್ರೆ ಸ್ವಲ್ಪ ತಡ್ಕೊಂಡಿರ್ತಾರೆ" ಅಂದರು ಮೇಡಂ, ಸಮಾಧಾನಕ್ಕೆ. "ಉಪ್ಪಿನಲ್ಲಿ ಹಾಕಿರ್ತಾರಲ್ಲ. ಹಾಲು, ಮೊಟ್ಟೆಯಲ್ಲೂ ಇರತ್ತೆ."

ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟೆ.

ಉಪ್ಪು ನಾನು ನಿಲ್ಲಿಸಿದೆ. ಊತ ಅಂತ. ಆ ಊತವೂ ಇದರದ್ದೇ ಇರಬೇಕು! ಹಾಲು ನಾನು ನಿಲ್ಲಿಸಿದೆ. ಮೊಟ್ಟೆ ನಾನು ನಿಲ್ಲಿಸಿದೆ. ಕಾಲಿನಿಂದ ವಿಷ ಕೊಟ್ಟು, ಬಾಯಿಂದ ಮದ್ದು ಕಸಿದುಕೊಂಡೆ. ಎರಡು ಕೈಯಿಂದಲೂ ಮಾಡಿದೆ. ನೆಟ್ಟಗೆ ಮಾಡಿದೆ. ಬೇಲಿ ಎದ್ದು ಹೊಲ ಮೇಯುವುದು ಅಂದರೆ ಇದೇ. ಸಪ್ಪೆ, ಸಪ್ಪೆ ಅಂತ ಅವಳು ಹೇಳುತ್ತಲೇ ಇದ್ದಳು. ಉಪ್ಪಿಗಿಂತ ರುಚಿಯಿಲ್ಲ ಅಂತ ನಾನು ಚಿಕ್ಕವಳಿದ್ದಾಗ ತುತ್ತು ಹಾಕಿದವಳು.

ಉದ್ದಣ್ಣ ನೀರು ತಂದುಕೊಟ್ಟ. ಮೇಡಂ ಕಾರಿನಲ್ಲಿ ಮನೆಗೆ ಬಿಟ್ಟರು. ದಾರಿಯಲ್ಲಿ ಕೇಳಿದೆ, "ಟ್ಯೂಬಿನಲ್ಲಿ ತೊಳೆದರೂ ಏಳಲಿಲ್ಲವಲ್ಲ ಮೇಡಂ?"

"ಟ್ಯೂಬಿನಲ್ಲಿ ಹೊಸ ಕಿಣ್ವ ಹುಟ್ಟಲ್ಲ. ಮನುಷ್ಯರಲ್ಲಿ ಹುಟ್ಟತ್ತೆ. ಮೊದ್ಲು ರಕ್ತ ತೆಗೆಸಿ."

ಮಾರ್ಚ್ 21, ಶುಕ್ರವಾರ

ರಿಪೋರ್ಟ್ ಬಂತು. ಥೈರಾಯಿಡ್ ಹಾರ್ಮೋನು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಳಿ, ಊತ, ನಿದ್ದೆ, ಮಾತಿನ ನಿಧಾನ, ಎಲ್ಲ ಅದರಿಂದಲೇ ಅಂತೆ. ಮಾಡು, ಮಾಡು ಅಂತ ಮೆದುಳು ಕಳಿಸುವ ಸಂದೇಶ ಮಾತ್ರ ಮುಗಿಲು ಮುಟ್ಟಿದೆ. ಪಾಪ, ಎಷ್ಟು ಕೂಗಿಕೊಂಡಿದೆ ಒಳಗೆ, ಕೇಳುವವರೇ ಇಲ್ಲದೆ.

ಡಾಕ್ಟರ್ ಎರಡೆರಡು ಸಲ ನೋಡಿದರು. "ಹೋದ್ ವರ್ಷ ನಾರ್ಮಲ್ ಇತ್ತಲ್ಲಮ್ಮ!" ಇತ್ತು. ಮುಲಾಮಿಗೆ ಮುಂಚೆ.

"ಇನ್ನೊಂದೆರಡು ತಿಂಗಳು ಹೀಗೇ ಬಿಟ್ಟಿದ್ರೆ ಒಂದಿನ ಎಚ್ಚರಾನೇ ಆಗ್ತಿರ್ಲಿಲ್ಲ" ಅಂದರು. ಮಾತ್ರೆ ಶುರು, ತೀರಾ ಚಿಕ್ಕದು, ಹೃದಯ ತಡೆಯಬೇಕಲ್ಲ. ಮುಲಾಮು ಬಂದ್. ಉಪ್ಪು ಎಲ್ಲರ ಹಾಗೆ. ಮರೆವಿನ ಮಾತು ಇನ್ನು ಬೇಡ, ಕಾದು ನೋಡೋಣ ಅಂದರು. ಆ ಮಾತನ್ನು ಮೊದಲು ಎತ್ತಿದ್ದು ಯಾರು ಅಂತ ಕೇಳೋಣ ಅನ್ನಿಸಿತು. ಕೇಳಲು ನನಗೆ ಯಾವ ಮುಖ?

ತಮ್ಮನಿಗೆ ಫೋನ್ ಮಾಡಿ, ಹಾಸಿಗೆ ಬೇಡ ಅಂದೆ. ಯಾಕೆ ಅಂದ. ಹೇಳಿದೆ. "ಅಯ್ಯೋ... ನೀನೇನಾ?" ಅಂದ. ಬೇಕಂತ ಅಂದದ್ದಲ್ಲ ಅವನು. ಆದರೂ ಹೌದು. ನಾನೇ.

ಮಧ್ಯಾಹ್ನ ಸಾರಿಗೆ ಉಪ್ಪು ಹಾಕಿದೆ. ಒಂದು ಚಮಚ ಕುಡಿದು, ಎಷ್ಟೋ ಹೊತ್ತು ಬಿಟ್ಟು, ಬಟ್ಟಲು ತಾನೇ ಹತ್ತಿರ ಎಳೆದುಕೊಂಡಳು. ಬಚ್ಚಲಿಗೆ ಹೋಗಿ ಅತ್ತೆ.

ಏಪ್ರಿಲ್ 13, ಭಾನುವಾರ

ಬರೆಯಲು ಕೈ ಬಂದಿರಲಿಲ್ಲ.

ಏಪ್ರಿಲ್ ಒಂದು ಬಂತು, ಹೋಯಿತು. ಅವಳು ಅವಳ ಕುರ್ಚಿಯಲ್ಲೇ ಇದ್ದಾಳೆ. ಮುಖದ ಊತ ಇಳಿದು ಹಳೆಯ ಮೂಗು ಹೊರಗೆ ಬಂದಿದೆ, ನಮ್ಮಪ್ಪನ ಮೂಗು. ಒಂದು ಸ್ವೆಟರ್ ತೆಗೆದಳು. ಸಂಜೆ ಎಚ್ಚರವಾಗಿರುತ್ತಾಳೆ. ಇನ್ನೂ ಮಾತಿಲ್ಲ, ಆದರೆ ನಾನು ಓಡಾಡಿದ ಕಡೆ ಕಣ್ಣು ಓಡಾಡುತ್ತದೆ. ಆ ಕಣ್ಣು ಕಂಡರೆ ಭಯ. ಇಷ್ಟು ದಿನ ಎಲ್ಲಿದ್ದವು ಆ ಕಣ್ಣು?

ಹುಣ್ಣಿಗೆ ಈಗ ಬರೀ ಉಪ್ಪುನೀರು, ಬಿಗಿ ಪಟ್ಟಿ. ಅದಕ್ಕೂ ಒಣಗುತ್ತಿದೆ. ಅಂದರೆ ಮುಲಾಮೇ ಬೇಕಿರಲಿಲ್ಲ. ಈಗಲೂ ಹೆಬ್ಬೆರಳು ತಿರುಗಿಸಿ ನೋಡಿಕೊಳ್ಳುತ್ತೇನೆ, ಬಸ್ಸಿನಲ್ಲಿ, ಬೆಂಚಿನ ಮುಂದೆ, ಎಲ್ಲೆಂದರಲ್ಲಿ.

ಲ್ಯಾಬಿನಲ್ಲಿ ವೋರ್ಟೆಕ್ಸ್ ಬಳಸುತ್ತಿದ್ದೇನೆ. ನೊರೆ ಬರುತ್ತದೆ. ಬರಲಿ.

ಏಪ್ರಿಲ್ 29, ಮಂಗಳವಾರ

ಪಕ್ಕದ ಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಒಳಗಿಂದ ಅಕ್ಕ, "ಅವ್ಳು ಸ್ನಾನಕ್ಕೆ ಹೋಗಿದಾಳೆ. ನೀವು ಶೀತ ಮಾಡ್ಕೊಂಡಿದ್ದೀರಲ್ಲ, ದನಿ ಕೂತಿದೆ" ಅಂದಳಂತೆ. ಟೈಲರಮ್ಮ ಹೆದರಿ ಮೆಟ್ಟಿಲಲ್ಲೇ ಕೂತುಬಿಟ್ಟರು. ಒದ್ದೆ ತಲೆಯಲ್ಲೇ ಹೊರಗೆ ಓಡಿಬಂದೆ. ಅಕ್ಕ ನನ್ನನ್ನು ನೋಡಿ, "ನೆಲ ಒದ್ದೆಯಾಯ್ತು" ಅಂದಳು. ಅವಳ ದನಿ! ಗೊಗ್ಗರು ಹೋಗಿದೆ. ಎಕ್ಸ್‌ಚೇಂಜಿನ ದನಿ. ಇಬ್ಬರೂ ಅತ್ತೆವು, ನಾನು ಮತ್ತು ಟೈಲರಮ್ಮ. ಅಕ್ಕ ಅಳಲಿಲ್ಲ, ಟವಲ್ ತೋರಿಸಿದಳು.

ತಮ್ಮನಿಗೆ ಫೋನಿನಲ್ಲಿ ಅವಳ ದನಿ ಕೇಳಿಸಿದೆ. ಅವನಿಗೆ ಮಾತೇ ಹೊರಡಲಿಲ್ಲ. "ಯಾಕೋ, ನಿಂಗೂ ಬಂತಾ ನನ್ನ ಕಾಯಿಲೆ?" ಅಂದಳು.

ಅವಳಿಗೆ ಎಲ್ಲ ಹೇಳಿಬಿಟ್ಟೆ. ಮುಲಾಮು, ಉಪ್ಪು, ನನ್ನ ಹೆಬ್ಬೆರಳು. ಕೊನೆವರೆಗೂ ಕೇಳಿದಳು. "ನಿನ್ನ ಹೆಬ್ಬೆರಳೇ ಅಲ್ವೇನೇ ಹಿಡಿದುಕೊಟ್ಟಿದ್ದೂ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇ 11, ಭಾನುವಾರ, ಬೆಳಿಗ್ಗೆ 7

ಈಗಷ್ಟೇ ಆದದ್ದು. ಈಗಲೇ ಬರೆಯಬೇಕು.

ಕಾಫಿ ಸೋಸುತ್ತಿದ್ದೆ. ಅಕ್ಕ ತಾನೇ ನಡೆದುಕೊಂಡು ಅಡುಗೆಮನೆಗೆ ಬಂದಳು, ಗೋಡೆ ಹಿಡಿಯದೆ. ನಾನು ನನ್ನ ಲೋಟ ತುಂಬಿ ಒಂದು ಗುಟುಕು ಕುಡಿದಿದ್ದೆ. ಬಾಗಿಲಿಗೆ ಒರಗಿ ಅಂದಳು, "ಏನೇ, ಬರೀ ಕಾಲಿಗೆ ಕಾಫಿ ಕೊಡಲ್ವೇನೇ?"

ನಕ್ಕೆ. ಮೊದಲು ನಕ್ಕೆ, ಏನೋ ತಮಾಷೆ ಅಂತ. ಆಮೇಲೆ ಅವಳ ಕಡೆ ತಿರುಗಿದೆ.

"ಯಾವ ಕಾಲು?"

"ನೀನೇ ಅಂದ್ಯಲ್ಲ, ತಮ್ಮನ ಹತ್ರ. ಇದೇ ಒಲೆ ಮುಂದೆ." ದನಿಯಲ್ಲಿ ಕೋಪವಿಲ್ಲ. ಹಳೆಯ ಟ್ರಂಕ್ ಕಾಲ್ ನೆನೆಸಿಕೊಂಡು ಹೇಳುವ ಹಾಗೆ.

"ಅಕ್ಕ... ನಿಂಗೆ ಕೇಳಿಸ್ತಿತ್ತಾ?"

"ಎಲ್ಲಾ ಕೇಳಿಸ್ತಿತ್ತು ಕಣೇ. ಡಾಕ್ಟ್ರು ಅಂದಿದ್ದು, ಬೀಗ ಹಾಕೋ ವಾರ್ಡು, ಆ ನರ್ಸು. ಇವತ್ತು ಸೋಮವಾರ ಅಂತ ಹೇಳೋಣ ಅಂದ್ರೆ ಅಷ್ಟರಲ್ಲಿ ಎದ್ದು ಹೋದ್ಲು. ಮಾತು ಹುಟ್ಟಿ ಬಾಯಿಗೆ ಬರೋಷ್ಟರಲ್ಲಿ ನೀವೆಲ್ಲ ಬೇರೆ ಮಾತಿಗೆ ಹೋಗಿರ್ತಿದ್ರಿ."

ನಾನು ಅವಳೆದುರು ಇನ್ನೂ ಏನೇನು ಆಡಿದ್ದೇನೆ! ಒಂದು ವರ್ಷ. ಗೋಡೆ ಅಂದುಕೊಂಡು.

"ನೀನು ಹಾಗಂದ ದಿನ, ಬೆಳಿಗ್ಗೆಯಿಂದ ಸಂಜೆವರೆಗೂ ಕೂಡಿಸಿದೆ, ಒಂದು ಉತ್ತರ ಕೊಡ್ಬೇಕು ಅಂತ. ಹೊದಿಸೋಕೆ ಬಂದ್ಯಲ್ಲ, ಆಗ ತುಟಿವರೆಗೂ ಬಂದಿತ್ತು. ನೀನು 'ಏನೂ ಬೇಡ, ಮಲಗು' ಅಂದೆ."

"ಏನು... ಏನು ಉತ್ತರ?"

"ಇದ್ದೀನಿ ಕಣೇ, ಅಂತ."

ಅಷ್ಟೇ ಅಂದು ನನ್ನ ಕೈಯಿಂದ ನನ್ನ ಲೋಟವನ್ನೇ ತೆಗೆದುಕೊಂಡು ಕುರ್ಚಿಗೆ ಹೋಗಿ ಕೂತಿದ್ದಾಳೆ. ಕುಡಿಯುತ್ತಿರುವ ಸದ್ದು ಇಲ್ಲಿಗೆ ಕೇಳುತ್ತಿದೆ. ನಾನು ಹೋಗಿ ಅವಳ ಕಾಲ ಹತ್ತಿರ ಕೂತು, ತಪ್ಪಾಯ್ತು ಅಂತ ಹೇಳಬೇಕು. ಹೇಳಬೇಕು ಅಂತ ಎದ್ದೆ, ಮಾತು ಬಾಯಿಗೆ ಬರುವಷ್ಟರಲ್ಲಿ ಮತ್ತೆ ಇಲ್ಲೇ ಕೂತಿದ್ದೇನೆ, ಅವಳ ಹಾಗೆ.